ಅಂಚಿಗೆ ಬಿಟ್ಟ ಬಟ್ಟೆ

ಮೊದಲು ಏಳೇ ಜನ.
ಕೌಲ್ ಬಜಾರಿನ ಒಳ ಓಣಿಯಲ್ಲಿ
ಎರ್ರಿಸ್ವಾಮಿಯ ಮಷೀನು ರಿಪೇರಿ ಅಂಗಡಿ ಮುಂದೆ
ಸರತಿ ಕಾಯುತ್ತ ಕೂತವರು,
ಮಡಿಲಲ್ಲಿ ಬಾಬಿನ್ ಕೇಸು, ಕೈಯಲ್ಲಿ ಅರ್ಧ ಚಹಾ,
ಬೆರಳಿಗೆಲ್ಲ ಜೀನ್ಸಿನ ನೀಲಿ.
ಹುಲಿಗೆಮ್ಮ ಅಂದಳು:
ಸೂಜಿಯಷ್ಟು ಮಾತಿಗೂ ಇಲ್ಲೀತನಕ ಬರಬೇಕೇನು?
ಫೋನಿನಾಗೊಂದು ಕಟ್ಟಿ ಕಟ್ಟಿ ಕುಂದ್ರೂಣು.

ಹೆಸರು, ಕಾಜಾ-ಗುಂಡಿ.
ನಾನು ಅಡ್ಮಿನ್, ನನ್ನ ಫೋನಿನ ಗಾಜು ಒಡೆದಿರಲಿಲ್ಲವೆಂದು.

ಹದಿನೆಂಟರ ಸೂಜಿ ಮುರೀತೈತಿ ಅಂತ ಒಬ್ಬಳು,
ಸೊಂಟಪಟ್ಟಿ ಬಂದಾಗ ಚಕ್ರ ಕೈಲೆ ತಿರುವು ಅಂತ ಇನ್ನೊಬ್ಬಳು.
ಒಂದು ರಾತ್ರಿ: ಮಗೂಗೆ ಜ್ವರ,
ನೂರಾ ಇಪ್ಪತ್ತು ಪ್ಯಾಂಟಿನ ಜಿಪ್ಪು ನಾಳೆಗೆ ಬೇಕಂತ.
ಮೂವರು ಹೋಗಿ ನಲವತ್ತು ನಲವತ್ತು ಹೊತ್ತು ತಂದರು.
ಬೆಳಿಗ್ಗೆ ಯಾರೂ ಥ್ಯಾಂಕ್ಸ್ ಬರೆಯಲಿಲ್ಲ,
ನೆನಪಾಗಿರಲಿಲ್ಲ.

ನಲವತ್ತಾದೆವು. ಅರವತ್ತು.
ಆಮೇಲೆ ವಾಷಿಂಗ್ ಯೂನಿಟ್ಟಿನ ಪ್ರಭುಶಂಕರ ಬಂದು
ಸಾವಿರ ಮಾಡ್ರಿ ಮೇಡಂ, ಜಿಲ್ಲಾ ತುಂಬ ಲಿಂಕ್ ಬಿಡ್ರಿ ಅಂದ.
ನನ್ನನ್ನು ಅದುವರೆಗೆ ಯಾರೂ ಮೇಡಂ ಅಂದಿರಲಿಲ್ಲ.

ಬಿಟ್ಟೆ.
ಎಣಿಕೆಗೊಂದು ರುಚಿಯಿದೆ, ಸುಳ್ಳೇಕೆ ಹೇಳಲಿ,
ಅನ್ನಕ್ಕಿಟ್ಟು ಎಣಿಸಿದೆ, ಕಸ ಹೊಡೆಯುತ್ತ ಎಣಿಸಿದೆ,
ಮುನ್ನೂರು, ಐನೂರು, ಒಂಬೈನೂರ ಹನ್ನೆರಡು.

ಮುಂಜಾನೆಗೆ ಗುಲಾಬಿ. ಮಧ್ಯಾಹ್ನಕ್ಕೆ ಸಾಲ ಕೊಡುವ ಆ್ಯಪು.
ಯಾವುದೋ ಲೀಡರಿನ ಹುಟ್ಟುಹಬ್ಬ, ಯಾರದೋ ಸೈಟು ಮಾರಾಟ.
ಇನ್ನೂರು ಜೋಡಿಸಿದ ಕೈಗಳ ನಡುವೆ
ಕುರುಗೋಡಿನ ಹುಡುಗಿಯೊಬ್ಬಳ ಒಂದು ಸಾಲು:
ಅಕ್ಕಾ, ಓವರ್‌ಲಾಕಿನಾಗ ಬಟ್ಟಿ ಅಂಚು ಜಗ್ಗತೈತಿ, ಯಾಕ?

ಒಂಬೈನೂರು ಜನ. ಒಬ್ಬರೂ ಹೇಳಲಿಲ್ಲ.
ನಾನೂ ನೋಡಲಿಲ್ಲ, ಎಣಿಸುತ್ತಿದ್ದೆ.
ಮೂರನೇ ದಿನ ಬೂದು ಅಕ್ಷರದಲ್ಲಿ ಬಂತು
ಅವಳು ಹೊರಗೆ ಹೋದ ಸುದ್ದಿ.
ಹುಲಿಗೆಮ್ಮ ಹೋಗಲಿಲ್ಲ, ಮಾತು ಬಿಟ್ಟಳು.
ಇಷ್ಟು ಮಂದಿ ಮುಂದ ನನಗ ನಾಲಿಗಿ ಏಳಲ್ಲವಾ, ಅಂದಳು.

ಜೈಬುನ್ನೀಸಾ ಆಪಾ ನಮ್ಮಲ್ಲಿ ಹಿರೇ ಕಟ್ಟರ್.
ಕತ್ತರಿ ಕೆಳಗಿಡದೆ ಕೇಳಿದಳು ಎಲ್ಲವನ್ನೂ.
ತೊಟ್ಟಿಗಿಳಿದ ಬಟ್ಟೆ ಕುಗ್ಗುತ್ತದೆ, ಗೊತ್ತಿಲ್ಲವೇನೇ?
ನೀನು ಒಗೆಯೋದಕ್ಕೆ ಮೊದಲೇ ಅಳತೆ ತಗೊಂಡೆ.
ಮತ್ತೆ ಅಂಚಿಗೆ ಒಂದು ಬೆರಳೂ ಬಿಡಲಿಲ್ಲ.

ಬಿಚ್ಚುವುದೂ ಕಸುಬೇ.
ಬ್ಲೇಡು ಬಟ್ಟೆಗೆ ತಾಗಬಾರದು, ದಾರಕ್ಕಷ್ಟೇ.
ಲಿಂಕು ಮುಚ್ಚಿದೆ. ಒಂದು ತಿಂಗಳು ದಿನಕ್ಕಿಷ್ಟು ಅಂತ
ಹೆಸರು ಹೆಸರಾಗಿ ಬಿಡಿಸಿದೆ.
ಕೆಲವರು ಬೈದರು. ಪ್ರಭುಶಂಕರ ಮೇಡಂ ಅನ್ನುವುದು ಬಿಟ್ಟ.
ಉಳಿದವರು ಎಂಬತ್ತೊಂದು.

ಈಗ ಬರುವವರು ಯಾರದಾದರೂ ಕೈ ಹಿಡಿದು ಬರಬೇಕು,
ಕರೆತಂದವಳು ಅವಳ ಮಷೀನಿನ ಮುಂದೆ
ಒಂದು ಹೊತ್ತಾದರೂ ಕೂತಿರಬೇಕು.
ಒಂದು ಕೇಳಿದವಳು ಒಂದು ಹೇಳಬೇಕು, ಯಾವಾಗಾದರೂ ಸರಿ.
ಜೇಬಿನ ಮೂಲೆ, ಜಿಪ್ಪಿನ ಬುಡ,
ಎಳೆತ ಬೀಳುವಲ್ಲಿ ನಾವು ಎರಡು ಸಲ ಹೊಲಿಯುವುದಿಲ್ಲವೇ,
ಅಷ್ಟೇ ಇದು.

ಕುರುಗೋಡಿನವಳಿಗೆ ಫೋನು ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು.
ಸಿಟ್ಟೇನಿಲ್ಲಕ್ಕಾ, ನಾನಾ ಕಂಡಹಿಡದೆ,
ದಾರದ್ದಲ್ಲ ತಪ್ಪು, ಒಳಗಿನ ಚಾಕು ಮೊಂಡಾಗಿತ್ತು.
ಮತ್ತೆ ಬರುತ್ತೀಯಾ ಅಂದೆ.
ನೋಡೂಣು ಅಂದಳು.
ಇನ್ನೂ ನೋಡುತ್ತಿದ್ದಾಳೆ.

ಈ ವರ್ಷ ಹದಿನೆಂಟು ಮಂದಿ ಬಂದರು, ನಾಲ್ವರು ಹೋದರು.

ನಿನ್ನೆ ಕರೆಂಟು ಹೋದ ಹೊತ್ತು,
ಮಾಳಿಗೆ ಮೇಲೆ ಚಾಪೆ, ಎದುರಿಗೆ ಕತ್ತಲ ಗುಡ್ಡ,
ದಿನವಿಡೀ ಕಾದ ಬಂಡೆ ಇನ್ನೂ ಆರಿರಲಿಲ್ಲ.
ಸಿರುಗುಪ್ಪದಿಂದ ಯಾರೋ ಕೇಳಿದರು, ಕಾಜಾ ಬಾಯಿ ಬಿಡ್ತೈತಿ, ಏನು ಮಾಡಲಿ.
ಉತ್ತರ ಒತ್ತತೊಡಗಿದೆ. ಅಷ್ಟರಲ್ಲಿ ಮೇಲುಗಡೆ ಕಂಡಿತು
ಇನ್ನಾರೋ ಬರೆಯುತ್ತಿದ್ದಾರೆ,
ಹೆಸರು ಅಂಕಾಳಮ್ಮ.
ಯಾರಪ್ಪಾ ಇವಳು?
ಯಾರ ಕೈ ಹಿಡಿದು ಬಂದಳು? ನೆನಪಾಗಲಿಲ್ಲ.

ಒತ್ತಿದ್ದನ್ನು ಅಳಿಸಿದೆ.
ಫೋನು ಎದೆಯ ಮೇಲೆ ಬೋರಲಿಟ್ಟು
ಅದರ ಬಿಸಿ ಆರುವ ತನಕ ಎಚ್ಚರಿದ್ದೆ.