ಒಂದೇ ಹಡಗಿನ ಮಾತು

ರ‍್ಯಾಪಿಡ್ ಕ್ರೀಕಿನ ಭಾನುವಾರದ ಸಂತೆಯಲ್ಲಿ
ಎರ್ಮೆಲಿಂಡಾ ಗುರುತಾದದ್ದು ಸಾಬೂನಿನಿಂದ.
ಅವಳು ಸಬಾವುನ್ ಅಂದಳು, ನಾನು ಸಾಬೂನು ಅಂದೆ,
ಆಮೇಲೆ ಅದೇ ಒಂದು ಆಟವಾಯಿತು.
ತಿಮೋರಿನ ಅವಳ ಜನೆಲಾ, ಅಂಕೋಲೆಯ ನನ್ನ ಜನೇಲು,
ಅವಳ ಮೆಜಾ, ನನ್ನ ಮೇಜು,
ಅವಳ ಶಾವಿ, ನನ್ನ ಚಾವಿ.
ಒಂದೇ ಹಡಗಿನಿಂದ ಇಳಿದ ಮಾತು.
ಆ ಹಡಗು ನಮ್ಮ ದಂಡೆಗೆ ಬಂದು
ಭಟ್ಕಳಕ್ಕೆ ಬೆಂಕಿಯಿಟ್ಟು ಮೆಣಸು ತುಂಬಿಕೊಂಡು ಹೋಯಿತು;
ಅವಳ ದಂಡೆಯಲ್ಲಿ, ಶ್ರೀಗಂಧದ ಆಸೆಗೆ,
ನಾನೂರು ವರ್ಷ ಲಂಗರು ಕೀಳಲಿಲ್ಲ.

ಎಪ್ಪತ್ತೈದರಲ್ಲಿ ಎದ್ದು ಹೋದರು.
"ಬಾಗಿಲು ಎಳೆದುಕೊಳ್ಳದೆ ಹೋದರು" ಅನ್ನುತ್ತಾಳೆ,
ಬೆಕ್ಕು ಹಾಲು ಕುಡಿದದ್ದನ್ನು ಹೇಳುವ ದನಿಯಲ್ಲಿ.
ತೆರೆದ ಬಾಗಿಲಿಗೆ ಯಾರು ಬಂದರು, ಯಾರು ಉಳಿಯಲಿಲ್ಲ,
ಸಂತೆಯಲ್ಲಿ ಅದನ್ನು ಹೇಳುವುದಿಲ್ಲ.
ಪಪ್ಪಾಯಿ ತೂಗುತ್ತಾಳೆ.

ಈ ಅಕ್ಟೋಬರಿನಲ್ಲಿ, ಮಳೆ ಬಂದೆ ಬಂದೆ ಎಂದು ಬಾರದೆ
ಡಾರ್ವಿನ್ನಿನ ಬೆನ್ನೆಲ್ಲ ಬೆವರಿಳಿಸುತ್ತಿರುವಾಗ,
ಲಿಸ್ಬನ್ನಿನಿಂದ ಒಬ್ಬರು ಬಂದರು, ಟೈ ಬಿಗಿದುಕೊಂಡು.
ವಿಷಯ: ವಿಶ್ವದ ಭದ್ರತೆ, ಮಾನವ ಹಕ್ಕು, ನಮ್ಮ ದೇಶದ ಪಾಲು.
ನಲವತ್ತು ಕುರ್ಚಿ. ಹದಿನೇಳು ಜನ.
ಸಹಕಾರ ಎಂದಾಗಲೆಲ್ಲ ಎರ್ಮೆಲಿಂಡಾ ಬೆರಳು ಮಡಚುತ್ತಿದ್ದಳು.

ಇಪ್ಪತ್ತನಾಲ್ಕು ವರ್ಷ, ಎಂದರು ಅವರು,
ಲೋಕ ಮರೆಯಹೊರಟ ದ್ವೀಪದ ಹೆಸರನ್ನು
ನ್ಯೂಯಾರ್ಕಿನ ಮೇಜಿನ ಮೇಲೆ ಇಡುತ್ತಲೇ ಬಂದೆವು.
ಈ ದೇಶ, ದ್ವೀಪ ನುಂಗಿದವರ ಜೊತೆ ಕೂತು
ಕಡಲಡಿಯ ಎಣ್ಣೆ ಹಂಚಿಕೊಂಡಾಗ
ಹೇಗ್‌ಗೆ ಹೋಗಿ ದಾವೆ ಹೂಡಿದೆವು.
ಹಕ್ಕು ನಿಜ, ಎಂದಿತು ನ್ಯಾಯಾಲಯ,
ಉತ್ತರ ಕೊಡಬೇಕಾದವರು ಕಟಕಟೆಯಲ್ಲಿಲ್ಲ.
ಕೊನೆಗೆ ಸೈನಿಕರನ್ನು ಕಳಿಸಿದೆವು, ಪೊಲೀಸರನ್ನು, ಮೇಷ್ಟ್ರುಗಳನ್ನು.

ಫ್ಯಾನಿನ ಪಕ್ಕ ಹಲ್ಲಿ ಲೊಚಗುಟ್ಟಿತು.
ನಮ್ಮ ಕಡೆ ಅದು ಸತ್ಯದ ಸಾಕ್ಷಿ. ಇಲ್ಲಿ ಬರೀ ಹಲ್ಲಿ.
ಆದರೂ ಅವರು ಹೇಳಿದ್ದು ಯಾವುದೂ ಸುಳ್ಳಲ್ಲ.

ಅವಳ ಕಿವಿಯಲ್ಲಿ ಗಾದೆ ಹೇಳಿದೆ:
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಹಾಕಿದರಲ್ಲ. ಈ ಊರು ಅದನ್ನೂ ಹಾಕಲಿಲ್ಲ."

ಪ್ರಶ್ನೆಗಳಿವೆಯೇ ಎಂದಾಗ ಎದ್ದಳು.
ತುಕ್ಕು ಹಿಡಿದ ಪೋರ್ಚುಗೀಸಿನಲ್ಲಿ ಏನೋ ಕೇಳಿದಳು;
ನನಗೆ ತಿಳಿದದ್ದು ಒಂದೇ ಮಾತು, ಚಾವಿ.
ಪಾಪ, ಆತ ಜೇಬು ತಡಕಿ
ಹೋಟೆಲ್ಲಿನ ಪ್ಲಾಸ್ಟಿಕ್ ಕಾರ್ಡು ತೆಗೆದು ತೋರಿಸಿದ.
ಹದಿನೇಳು ಜನ ನಕ್ಕರು. ಅವಳೂ.
ಆಮೇಲೆ ಅವಳು ತನ್ನದನ್ನು ತೆಗೆದಳು:
ಲಿಕಿಸಾದ ಮನೆಯದು, ಕಿರುಬೆರಳುದ್ದದ ಕಬ್ಬಿಣ,
ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ
ರವಿಕೆಯೊಳಗೆ ಇಟ್ಟುಕೊಂಡು
ಈ ಊರಿನ ಡೇರೆಗೆ ಬಂದಿಳಿದಾಗ
ಎದೆಯ ಮೇಲೆ ಅಚ್ಚೊತ್ತಿ ಕೂತಿದ್ದದ್ದು.

"ಮನೆ ಇದೆಯೇ?"
"ಬಾಗಿಲು ಸುಟ್ಟಿತು. ಇದು ಸುಡಲಿಲ್ಲ."

ಅಂಗೈಯಲ್ಲಿ ಹಿಡಿದು ನಿಂತರು ಅವರು,
ಟೈ ಸಡಿಲಿಸಿದರು. ಆ ಸಂಜೆ
ಸಹಕಾರ ಎಂಬ ಮಾತು ಮತ್ತೆ ಬರಲಿಲ್ಲ.
ಹನ್ನೊಂದಕ್ಕೇ ನಿಂತಿತ್ತು ಲೆಕ್ಕ.

ಕಾರಿನಲ್ಲಿ ಕೇಳಿದೆ, ವಾಪಸು ತಗೊಂಡೆಯಾ?
"ಅವನು ಕೊಡಲು ಮರೆತ. ನಾನು ಕೇಳಲು ಮರೆತೆ."
ಎರಡನೆಯದನ್ನು ನಾನು ನಂಬಲಿಲ್ಲ.

ಬೆಳಗಿನ ವಿಮಾನ ಅವರದು. ಭದ್ರತಾ ತಪಾಸಣೆಯಲ್ಲಿ
ಜೇಬು ಖಾಲಿ ಮಾಡಿ ಎಂದಿರುತ್ತಾರೆ.
ನೀಲಿ ತಟ್ಟೆಯೊಳಗೆ, ಪೆನ್ನು ಬೆಲ್ಟುಗಳ ನಡುವೆ,
ಠಣ್ಣೆಂದಿರಬೇಕು.
ಇದು ಯಾವ ಮನೆಯದೆಂದು
ಯಾರಾದರೂ ಕೇಳಿರಬೇಕು.