ನಾಲ್ಕೂವರೆ ಚುಕ್ಕಿ

ಗೃಹಮಿತ್ರ ಅಂತ ಹೆಸರು ಅದಕ್ಕ.
ಬಿಳಿ ಡಬ್ಬಿ, ಹಿಂದೊಂದು ಪಂಖಾ,
ಹದಿನಾಲ್ಕು ಇಂಚಿನ ಗಾಜು.
ಜಾಜು ಸೇಠ ತಾನೇ ಆಟೋದಾಗ ಹೇರಿಕೊಂಡು ಬಂದು
ನಮ್ಮ ಮಾಸಿಕದ ಮೇಜಿನ ಮ್ಯಾಲ ಇಟ್ಟು
"ತಪಾಸಣಾ ಮಾಡ್ರಿ, ಖರೆ ಖರೆ ಬರೀರಿ" ಅಂದ.
ವಾಪಸ್ ಯಾವಾಗ ಅಂತ ನಾವೂ ಕೇಳಲಿಲ್ಲ,
ಅವನೂ ಹೇಳಲಿಲ್ಲ.

ಅದು ಮೇ ತಿಂಗಳು. ಗುಲ್ಬರ್ಗ.
ಶಹಾಬಜಾರದ ಮಾಳಿಗಿ ಕೋಣಿ, ತಲಿ ಮ್ಯಾಲ ತಗಡು.
ಮುಂಜಾನೆ ಅಕ್ಷರ ಚೆಂದ ಮೂಡತಿದ್ದವು.
ಎರಡಕ್ಕ ಸರಿಯಾಗಿ
ಗಾಜು ಕಪ್ಪಾಗತಿತ್ತು, ಬರೆದದ್ದೆಲ್ಲಾ ಒಳಗೇ ನುಂಗಿ.
ಐದಕ್ಕ, ಬಿಸಿಲು ಇಳಿದ ಮ್ಯಾಲ,
ಏನೂ ಆಗೇ ಇಲ್ಲ ಅನ್ನೋಹಂಗ ಎದ್ದು ಕೂಡತಿತ್ತು,
ಉಂಡು ಮಲಗೆದ್ದ ಮಾವನಂಗ.

ಬರೆದೆ:
"ಮಧ್ಯಾಹ್ನ ಎರಡರಿಂದ ಐದು ಈ ಯಂತ್ರ ನಿಲ್ಲುತ್ತದೆ.
ನಮ್ಮ ಬಿಸಿಲಿಗೆ ಇದು ತಾಳುವುದಿಲ್ಲ."
ಎರಡೇ ಸಾಲು. ಕೈಯಿಂದ, ಕಾಗದದ ಮ್ಯಾಲ.

ಸಂಪಾದಕ ಅಂಬಾರಾಯರು ಬೈಯಲಿಲ್ಲ, ಬೈಯೋ ಮನಿಷ್ಯಾ ಅಲ್ಲ.
ಚಸ್ಮಾ ಒರೆಸಿಕೊಂಡು ಲೆಕ್ಕದ ವಹಿ ತೆರೆದರು:
"ಓದುಗ ಕೊಡೋ ಎಂಟು ರೂಪಾಯಿ
ಕಾಗದಕ್ಕ, ಅಂಚೆಗೆ ಮುಗೀತದ ತಮ್ಮಾ.
ನಿನ್ನ ಪಗಾರ, ನನ್ನ ಚಹಾ,
ಈ ಹುಡುಗ ಮಶಾಕನ ಈದಿನ ಇನಾಮು,
ಎಲ್ಲಾ ಇರೋದು ಹಿಂಬದಿ ರಕ್ಷಾಪುಟದಾಗ."
ತಿರುವಿ ನೋಡಿದೆ. ನಾಲ್ಕು ಬಣ್ಣದಾಗ
ಗೃಹಮಿತ್ರದ ಮುಂದ ನಗತಾ ಕೂತ ಕುಟುಂಬ.
ಯಾರ ಹಣಿ ಮ್ಯಾಲೂ ಒಂದು ಹನಿ ಬೆವರಿಲ್ಲ.

ಆಮ್ಯಾಲ ನನ್ನ ಸಾಲು ಊರು ಬಿಟ್ಟಿತು.
ಮೊದಲ ಪ್ಯಾರಾದಿಂದ ಕಡೇ ಪ್ಯಾರಾಕ್ಕ.
"ನಿಲ್ಲುತ್ತದೆ" ಹೋಗಿ "ನಿಲ್ಲಬಹುದು" ಬಂತು,
"ಬಿಸಿಲಿಗೆ" ಹೋಗಿ "ಕೆಲವು ವಾತಾವರಣಗಳಲ್ಲಿ."
ಕಡೆಗೆ: "ತಂಪಾದ ಕೋಣೆಯಲ್ಲಿ ಇದರ ಸಾಮರ್ಥ್ಯ ಅಮೋಘ."
ಅಷ್ಟೂ ತಿದ್ದಿದ್ದು ನಾನೇ. ಅವರು ಪೆನ್ನು ಮುಟ್ಟಲಿಲ್ಲ.
ಒಂದೂ ಸುಳ್ಳಿಲ್ಲ ನೋಡ್ರಿ ಅದರಾಗ.
ಐದಕ್ಕ ನಾಲ್ಕೂವರೆ ಚುಕ್ಕಿ.
ಆ ಅರ್ಧ ಚುಕ್ಕಿ ತಡೆದು ಇಟ್ಟವ ನಾನು,
ಅದರ ಮ್ಯಾಲ ನನಗ ಭಾಳ ಅಭಿಮಾನ ಇತ್ತು.

ಮುಂದಿನ ಏಪ್ರಿಲಿನಾಗ ಮೋಮಿನಪುರದಿಂದ
ಟೈಪಿಂಗ್ ಕ್ಲಾಸಿನ ರಾಬಿಯಾ ಆಪಾ ಬಂದರು,
ಆರು ಟೈಪ್‌ರೈಟರ್ ಮಾರಿ ಒಂದು ಗೃಹಮಿತ್ರ ತಗೊಂಡೋರು.
ಚೀಲದಾಗ ನಮ್ಮ ಸಂಚಿಕೆ, ಪುಟ ಮಡಚಿ,
ನನ್ನ ಹೆಸರಿನ ಕೆಳಗ ನೀಲಿ ಗೆರಿ.
ಜಗಳಕ್ಕ ಬಂದಿರಲಿಲ್ಲ.
"ಹಸಿ ಗೋಣಿತಟ್ಟು ಕಟ್ಟೀನಿ ಸಾಹೇಬ್ರ,
ಹಿಂದ ನೀರಿನ ಗಡಿಗಿ ಇಟ್ಟೀನಿ,
ಮೂರರ ಬ್ಯಾಚು ರಾತ್ರಿಗೆ ಹಾಕೀನಿ.
ರಾತ್ರಿ ಹುಡುಗಿಯರು ಬರಂಗಿಲ್ಲ.
ನೀವು ಇನ್ನೇನರ ಉಪಾಯ ಬರೆದಿದ್ರೇನೋ,
ನನ್ನ ಪ್ರತಿಯೊಳಗ ಆ ಪುಟ ಬಿಟ್ಟುಹೋಗ್ಯದೇನೋ
ಅಂತ ಕೇಳಾಕ ಬಂದೆ."

ಗೋಡಿ ಗಡಿಯಾರ ಎರಡು ಹೊಡೀತು.
ನನ್ನ ಬೆನ್ನ ಹಿಂದ
ವಾಪಸ್ ಹೋಗದ ಆ ಬಿಳಿ ಡಬ್ಬಿಯ ಪಂಖಾ
ಒಮ್ಮೆ ಗೊರಕ್ ಅಂತು, ನಿಂತಿತು.
ಆಪಾ ನನ್ನ ಭುಜದ ಮ್ಯಾಲಿಂದ ನೋಡಿದರು.
ಮಶಾಕ, ಯಾರೂ ಹೇಳದೇನೇ, ತಂಬಿಗಿ ತಂದು
ಹಸಿ ಬಟ್ಟಿ ಹಿಂಡಿ ಅದಕ್ಕ ಹೊದಿಸಿದ,
ದಿನಾ ಮಾಡೋಹಂಗ.