ಅಳತೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಇಪ್ಪತ್ತೆರಡು ವರ್ಷ
ಗಂಡಸರ ಎದೆ, ಹೆಗಲು ಅಳೆದವನು ನಾನು.
ನನ್ನದನ್ನು ಅಳೆದದ್ದು ಲ್ಯಾಬಿನ ಹುಡುಗಿ:
ನೂರ ಎಂಬತ್ತು. ಕಡಿಮೆಯಾಯ್ತಲ್ಲ, ಅಂಕಲ್.
ಟೇಪು ಕೊರಳಲ್ಲೇ ಇತ್ತು,
ಹಾಗೇ ಎದ್ದು ಹೋಗಿದ್ದೆ ಅಂಗಡಿಯಿಂದ.

ಈಗ ದಿನಾ ಬೆಳಿಗ್ಗೆ ಬಚ್ಚಲ ಚಿಲಕ ಹಾಕಿ
ಪೊಟ್ಟಣ ಹರಿದು, ಎರಡೂ ಹೆಗಲಿಗೆ ಸವರುತ್ತೇನೆ
ಜೆಲ್ಲು. ತಣ್ಣಗೆ. ಸ್ಪಿರಿಟ್ಟಿನ ವಾಸನೆ.
ಆರುವವರೆಗೂ ಅಂಗಿ ತೊಡುವಂತಿಲ್ಲ,
ದರ್ಜಿಯಾದರೂ.

ಹೊರಗೆ ಚಿಕ್ಕ ಮಗಳು ಕದ ಬಡಿಯುತ್ತಾಳೆ:
ಅಪ್ಪಾ, ಉಪ್ಪುಮೂಟೆ!
ಬೇಡ ಕಣೇ, ಔಷಧಿ ಅಂಟುತ್ತೆ.
ಮೂರು ವಾರದಿಂದ ಇದೇ ಮಾತು.

ರುಕ್ಮಾಬಾಯಿ ಏನೂ ಕೇಳಲಿಲ್ಲ.
ನಿನ್ನೆ ನೋಡಿದರೆ ನನ್ನ ಅಂಗಿಗಳಿಗೆಲ್ಲ
ಹೆಗಲೊಳಗೆ ಒಂದೊಂದು ಪದರ ಅಸ್ತರು,
ಸೊಟ್ಟ ಕೈಹೊಲಿಗೆ.
ಬಿಚ್ಚಿ ನೆಟ್ಟಗೆ ಹೊಲಿಯಬಹುದಿತ್ತು.
ಬಿಚ್ಚಲಿಲ್ಲ.
ಬೆನ್ನು ಬಗ್ಗಿಸಿದೆ: ಹತ್ತು ಬಾ.